ಮೌನಕ್ಕೆ ಕೊಟ್ಟ ಅಂಕ

ಕಡಲಾಚೆಯ ಕಂಪನಿಯೊಂದು ಚಪ್ಪಲಿ ಕಾರ್ಖಾನೆಯನ್ನು ಕೊಂಡ ಮೇಲೆ ಅವಳಿಗೆ ಅಲ್ಲಿ ದುಭಾಷಿಯ ಕೆಲಸ ಸಿಕ್ಕಿತು. ಮ್ಯಾನೇಜರನ ಮಾತು ಕೆಲಸಗಾರರಿಗೆ, ಕೆಲಸಗಾರರ ಮಾತು ಮ್ಯಾನೇಜರನಿಗೆ. ನಡುವೆ ತನ್ನದೊಂದು ಅಕ್ಷರವನ್ನೂ ಸೇರಿಸಕೂಡದು. ತೊಗಲು ಕತ್ತರಿಸುವ ವಿಭಾಗದ ಮೇಸ್ತ್ರಿ ಅವಳ ಗಂಡನ ಅಣ್ಣ. ಮನೆಯಲ್ಲಿ ಒಂದೇ ಒಲೆ. ಗೇಟು ದಾಟಿದರೆ ಮಾತ್ರ ಅವನು ಮೇಸ್ತ್ರಿ, ಭಾವನಲ್ಲ.

ಕತ್ತರಿಸುವ ಯಂತ್ರದಲ್ಲಿ ಕೈ ಅಲಗಿನ ಕೆಳಗೆ ಹೋಗದಂತೆ ಕಾಯುವ ತಡೆಗಂಬಿ ಮುರಿದಿತ್ತು. ಮೇಸ್ತ್ರಿ ಅವಳನ್ನು ಕರೆದುಕೊಂಡು ಮ್ಯಾನೇಜರನ ಮುಂದೆ ಹೋಗಿ ನಿಂತಿದ್ದ. “ಯಾರದಾದ್ರೂ ಕೈ ಹೋಗತ್ತೆ ಅಂತ ಹೇಳು” ಎಂದಿದ್ದ. ಅವಳು ಹಾಗೆಯೇ ಹೇಳಿದ್ದಳು. ಮ್ಯಾನೇಜರ್ ತಲೆಯಾಡಿಸಿದ್ದ, ಅಷ್ಟೇ. ಆಮೇಲೊಂದು ದಿನ ಆ ಯಂತ್ರ ತೊಗಲಿನ ಜೊತೆಗೆ ಒಬ್ಬ ಹೆಂಗಸಿನ ಬೆರಳುಗಳನ್ನೂ ಕತ್ತರಿಸಿಹಾಕಿತು.

ತನಿಖೆ ಬರುತ್ತದೆಂದು ಕಾದವರಿಗೆ ತರಬೇತಿ ಬಂತು. ಬಂದವನು ದೇಶದೇಶಗಳ ಜನರ ನಡವಳಿಕೆಗೆ ಅಂಕ ಕೊಟ್ಟು ಹೋಲಿಸುವ ಪಂಡಿತ. ಬಂದ ಗಳಿಗೆಯಲ್ಲೇ ಅವನಿಗೆ ‘ತಕ್ಕಡಿ’ ಎಂದು ಹೆಸರು ಬಿತ್ತು. ಊಟದ ಹಾಲಿನ ಮೇಜುಗಳನ್ನು ಗೋಡೆಗೆ ಒತ್ತರಿಸಿ, ಅಂಟಿನ ವಾಸನೆಯ ನಡುವೆ ಅವನು ಪರದೆ ಕಟ್ಟಿಸಿದ. ಅದರ ಮೇಲೆ ಅಂಕಗಳನ್ನು ತೋರಿಸುವ ಜೋಡಿ ಕಂಬಗಳ ಚಿತ್ರ: ಅವನ ದೇಶದ್ದೊಂದು, ಇವರದೊಂದು.

“ನಿಮ್ಮ ಜನ ದೊಡ್ಡವರ ಎದುರು ಬಾಯಿ ಬಿಡುವುದಿಲ್ಲ. ನಿಮಗೆ ಗುಂಪೇ ದೊಡ್ಡದು” ಎಂದು ಅವಳು ಅನುವಾದಿಸಿದಳು.

“ಏನಮ್ಮಾ, ನಿನ್ನೆವರೆಗೂ ನಮ್ಮೋಳು. ಇವತ್ತು ‘ನಿಮ್ಮ ಜನ’ ಆಗೋದ್ವಾ?” ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

“ನಾನಲ್ಲ, ಅವರು ಹೇಳಿದ್ದು.”

“ಬಾಯಿ ನಿಂದೇ ಅಲ್ವಾ?”

ಅವಳ ಮೈ ಉರಿದುಹೋಯಿತು. ತಕ್ಕಡಿ ಮುಂದುವರಿಸಿದ: ಈ ಮೌನದಿಂದಲೇ ಅಪಘಾತವಾದದ್ದು, ಕಂಬಿ ಮುರಿದದ್ದು ಗೊತ್ತಿದ್ದೂ ಯಾರೂ ಹೇಳಲಿಲ್ಲ.

ಮೇಸ್ತ್ರಿ ಕುರ್ಚಿ ಒದ್ದು ಎದ್ದು, ಮುಂದೆ ಕೂತಿದ್ದ ಮ್ಯಾನೇಜರನತ್ತ ಕೈ ತೋರಿಸಿದ. “ಯಾರು ಬಾಯಿ ಮುಚ್ಕೊಂಡಿದ್ದು? ಈ ಮನುಷ್ಯನ ಮುಂದೆ ನಿಂತು ಗಂಟಲು ಹರ್ಕೊಂಡಿದ್ದೀನಿ! ಹೇಳು ಅವನಿಗೆ. ‘ಅವರು, ಇವರು’ ಅಂತ ಸಕ್ಕರೆ ಹಾಕ್ಬೇಡ, ‘ಅವನು’ ಅಂತ್ಲೇ ಹೇಳು.”

ಆ ಭಾಷೆಯಲ್ಲಿ ಅವನು-ಅವರು ಎಂಬ ಭೇದವೇ ಇರಲಿಲ್ಲ. ಉಳಿದದ್ದನ್ನೆಲ್ಲ ಅವಳು ಹೇಳಿದಳು.

ಮ್ಯಾನೇಜರ್ ಕೂತಲ್ಲಿಂದಲೇ ಭುಜ ಹಾರಿಸಿದ. “ಹೇಳಿರಬಹುದು. ಆದರೆ ಇವರ ಮಾತು ಯಾವಾಗಲೂ ಸುತ್ತಿ ಬಳಸಿ. ನನಗೆ ಅರ್ಥವಾಗಲಿಲ್ಲ.”

ಇದನ್ನು ಕನ್ನಡಕ್ಕೆ ತರುವ ಮೊದಲೇ ಅವಳು ಅವನತ್ತ ತಿರುಗಿದಳು. “ಸುತ್ತಿ ಬಳಸಿ ಏನೂ ಇರಲಿಲ್ಲ. ಕೈ ಹೋಗುತ್ತದೆ ಅಂತ ಹೇಳಿದವಳು ನಾನೇ. ನೀವು ತಲೆಯಾಡಿಸಿದಿರಿ.”

ಅವಳಿಗೂ ಮೇಸ್ತ್ರಿಗೂ ಏನು ಸಂಬಂಧ ಎಂದು ತಕ್ಕಡಿ ವಿಚಾರಿಸಿದ. ತಿಳಿದ ಕೂಡಲೇ ಮುಗುಳ್ನಕ್ಕು ಪರದೆಯ ಮೇಲೆ ಇವರ ಎತ್ತರದ ಕಂಬಕ್ಕೆ ಕೋಲು ತಾಗಿಸಿದ. “ಇದೇ ನೋಡಿ. ಸತ್ಯಕ್ಕಿಂತ ತಮ್ಮವರು ಹೆಚ್ಚು. ನಾನು ಬೈಯುತ್ತಿಲ್ಲ, ಇದು ಇವರ ಸಂಸ್ಕೃತಿ.”

“ಏನಂದ? ಏನಂದ?” ಎಂದು ಹಾಲೆಲ್ಲ ಗದ್ದಲ. ಅವಳು ಒಂದಕ್ಷರ ಬಿಡದೆ ಹೇಳಿದಳು. ಮರುಗಳಿಗೆಯಲ್ಲಿ ಜನ ಮುನ್ನುಗ್ಗಿದ ರಭಸಕ್ಕೆ ಪರದೆ ನೆಲಕ್ಕುರುಳಿತು.

ಅಂದೇ ಅವಳ ಕೆಲಸ ಹೋಯಿತು. ಸ್ವಂತ ಮಾತು ಆಡಿದ್ದೇ ಕಾರಣ.

ಮನೆಯಲ್ಲಿ ಭಾವ ಕೈತೊಳೆದು ಬಂದು ಕೇಳಿದ: “ನೀನು ಅವತ್ತು ಹಾಗೇ ಹೇಳಿದ್ದು ನಿಜಾನಾ?”

“ನಿಮಗೂ ಸಂಶಯವಾ ಭಾವ?”

“ನಂಗೆ ಅವರ ಭಾಷೆ ಬರುತ್ತಾ? ನೀನು ಹೇಳಿದೆ ಅಂದೆ, ನಂಬಿದೆ. ಮೆತ್ತಗೆ ಹೇಳಿ ಮುಗಿಸಿದ್ರೆ ನಂಗೇನು ಗೊತ್ತು?”

“ರೀ, ನಿಮ್ಮ ಪರವಾಗಿ ಮಾತಾಡಿ ಅನ್ನ ಕಳ್ಕೊಂಡು ಬಂದಿದ್ದಾಳೆ” ಎಂದು ಓರಗಿತ್ತಿ ಗಂಡನನ್ನು ಗದರಿದಳು. ಅವನು ತಟ್ಟೆ ಎಳೆದುಕೊಂಡು ಅನ್ನ ಕಲೆಸತೊಡಗಿದ.

“ಅವನು ಪರದೆ ಮೇಲೆ ತೂಗಿದ, ನೀವು ಊಟಕ್ಕೆ ಕೂತು ತೂಗ್ತಿದ್ದೀರಿ” ಎಂದು ಅವಳು ಅಡುಗೆಮನೆಯಿಂದ ಹೊರಗೆ ನಡೆದಳು.

ಮರುದಿನ ಅವಳು ಬೆರಳು ಕಳೆದುಕೊಂಡವಳನ್ನು ಕರೆದುಕೊಂಡು ಕಾರ್ಮಿಕ ಅಧಿಕಾರಿಯ ಬಳಿ ಹೋದಳು. ವಿಚಾರಣೆಗೆ ಭಾವನೂ ಬಂದು ಸಾಕ್ಷಿ ನುಡಿದ. ಅಧಿಕಾರಿ ಯಂತ್ರಕ್ಕೆ ಬೀಗ ಜಡಿಸಿದ. ಮ್ಯಾನೇಜರನನ್ನು ಕಂಪನಿ ಬೇರೆ ದೇಶಕ್ಕೆ ಕಳಿಸಿತು.

ಅವಳನ್ನು ಮಾತ್ರ ಯಾರೂ ಕೆಲಸಕ್ಕೆ ವಾಪಸು ಕರೆಯಲಿಲ್ಲ. ವಿಚಾರಣೆಯ ದಿನ ಅಧಿಕಾರಿಯ ಕಚೇರಿಯ ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಭಾವ ಕೂತಿದ್ದರು. ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಒಂದೇ ಮನೆಗೆ ಹೋದರು.