ಓವರ್‌ಕೋಟು ತೊಟ್ಟ ನಾಲ್ವರು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಗುಂಪಿನಲ್ಲಿ ನೋಡಲು ಚೆನ್ನಾಗಿದ್ದವನು ನಾನೊಬ್ಬನೇ. ಜಂಬದ ಮಾತಲ್ಲ. ಉತ್ತರ ಫಿಲಡೆಲ್ಫಿಯಾದಲ್ಲಿ ಲಿಂಡೆಲ್ ಪೆಟಿಫೋರ್ಡ್ ಯಾರೆಂದು ಕೇಳಿದರೆ "ಆ ಚೆಂದದ ಹುಡುಗನಾ?" ಎಂದೇ ಜನ ಮರುಪ್ರಶ್ನೆ ಹಾಕುತ್ತಿದ್ದರು. ಟೋಪಿಯಿಂದ ಮಂಚದವರೆಗೆ ಎಲ್ಲ ಮಾರುವ ಪೇಟೆಯ ದೊಡ್ಡ ಮಳಿಗೆಯಲ್ಲಿ ಲಿಫ್ಟ್ ನಡೆಸುವುದು ನನ್ನ ಕೆಲಸ. ಹಿತ್ತಾಳೆ ಗುಂಡಿಯ ಕೆಂಪು ಕೋಟು, ಬಿಳಿ ಕೈಗವಸು ತೊಟ್ಟು "ಮೂರನೇ ಮಹಡಿ, ಹೆಂಗಸರ ಟೋಪಿ" ಎಂದು ನಾನು ಕೂಗಿದರೆ, ಟೋಪಿ ಬೇಡದವರೂ ಅಲ್ಲೇ ಇಳಿದುಬಿಡುತ್ತಿದ್ದರು.

ಸಂಜೆ ಕೆಲಸ ಬಿಟ್ಟ ಮೇಲೆ ನಾವು ಮೂವರು ಕೊಲಂಬಿಯಾ ಅವೆನ್ಯೂ ಬೀದಿಯ ಕ್ಷೌರದಂಗಡಿಯ ಮುಂದೆ ನಿಂತು ಹಾಡುತ್ತಿದ್ದೆವು. ಮುಂದಾಳು ನಾನು. ನನ್ನ ಎಡಕ್ಕೆ ಹೊಸಿಯಾ. ಬೂಟಿನಂಗಡಿಯಲ್ಲಿ ಕೆಲಸ, ದಿನವಿಡೀ ಬೇರೆಯವರ ಪಾದ ನೋಡಿ ನೋಡಿ ತನ್ನ ಪಾದಕ್ಕೇ ಹುಚ್ಚು ಹಿಡಿಸಿಕೊಂಡವನು. ನಿಂತಲ್ಲಿ ನಿಲ್ಲಲಾರ, ಹೆಜ್ಜೆ ಹಾಕುತ್ತಲೇ ಇರಬೇಕು. ಬಲಕ್ಕೆ ವರ್ಜಿಲ್; ಸಿಟಿ ಬಸ್ಸಿನ ಡ್ರೈವರು, ಐದಡಿ ಎರಡಂಗುಲದ ಆಳು, ದನಿ ಮಾತ್ರ ಹಾಳುಬಾವಿಯ ತಳದಿಂದ ಎದ್ದು ಬಂದಂತೆ. ಎರಡು ವರ್ಷ ಹೀಗೇ ಹಾಡಿದೆವು. ಹುಡುಗಿಯರು ನಿಂತು ಕೇಳುತ್ತಿದ್ದರು, ನನ್ನನ್ನು ನೋಡಿ ನಗುತ್ತಿದ್ದರು, ಹೊರಟುಹೋಗುತ್ತಿದ್ದರು. ಏನೋ ಒಂದು ಕಮ್ಮಿಯಿತ್ತು. ಅದೇನೆಂದು ನಮಗೆ ತಿಳಿಯದಿದ್ದರೂ ಹೊಸಿಯಾನ ಸೋದರತ್ತೆ, ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸ್ ಅರ್ಲೀನ್‌ಗೆ ತಿಳಿದಿತ್ತು.

"ಮೂರು ಕಾಲಿನ ಮಂಚ ಕಣ್ರೋ ನೀವು," ಎನ್ನುತ್ತಿದ್ದಳು. "ಮೇಲಿನ ದನಿಯೇ ಇಲ್ಲ. ಯಾರಾದ್ರೂ ನಂಬಿ ಮಲಗಿದ್ರೆ ಉರುಳಿ ಬೀಳ್ತಾರೆ."

ಸಾವಿರದ ಒಂಬೈನೂರ ಅರವತ್ತೆಂಟರ ಮೇ ತಿಂಗಳಲ್ಲಿ ನನ್ನ ಗಂಟಲು ಬಾತುಕೊಂಡು ಟಾನ್ಸಿಲ್ ತೆಗೆಸಬೇಕಾಯಿತು. ಒಂದು ತಿಂಗಳು ಹಾಡುವಂತಿಲ್ಲ, ಪಿಸುಮಾತು ಮಾತ್ರ ಎಂದರು ಡಾಕ್ಟರು. ಚರ್ಚಿನ ಮೀನೂಟದ ಭಾನುವಾರಕ್ಕೆ ಹದಿನೈದೇ ದಿನ ಉಳಿದಿತ್ತು. ಆ ದಿನ ಹಾಡುವವರ ಪಟ್ಟಿಯಲ್ಲಿ ನಮ್ಮ ಹೆಸರು ಅಚ್ಚಾಗಿತ್ತು. ಹೊಸಿಯಾ ತಲೆ ಚಚ್ಚಿಕೊಂಡ. "ಎರಡು ವರ್ಷದಲ್ಲಿ ಒಂದೇ ಒಂದು ಸಲ ನಮ್ಮನ್ನ ಕರೆದಿದಾರೆ, ಇವನಿಗೆ ಈಗಲೇ ಗಂಟಲು ಕುಯ್ಸಿಕೊಳ್ಳೋ ಶೋಕಿ!"

ಅದೇ ವಾರ ಮಿಸ್ ಅರ್ಲೀನ್ ನನ್ನನ್ನೂ ವರ್ಜಿಲ್‌ನನ್ನೂ ಹಂದಿಕಾಲು ತರಲು ಗ್ರೀನ್‌ಲೀಯ ಮಾಂಸದಂಗಡಿಗೆ ಅಟ್ಟಿದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆದರೆ ಹಿಂದೆ ಮಾಂಸ ಕೆಡದಂತಿಡುವ ಶೀತಲ ಕೋಣೆಯಿಂದ ಒಂದು ದನಿ ಬರುತ್ತಿತ್ತು. ಎಳೆ ಎಳೆಯಾಗಿ, ಬೆಳ್ಳಿ ತಂತಿಯಂತೆ, ಮೇಲೆ ಮೇಲೆ ಹತ್ತಿ, ಇನ್ನೇನು ಮುರಿಯಿತು ಎನ್ನುವಾಗ ಇನ್ನೂ ಒಂದು ಮೆಟ್ಟಿಲು ಹತ್ತುತ್ತಿತ್ತು.

"ಒಳಗೆ ಯಾವಳೋ ಸಿಕ್ಕಿಹಾಕ್ಕೊಂಡಿದಾಳೆ ಕಣೋ!" ಎಂದು ವರ್ಜಿಲ್ ಓಡಿಹೋಗಿ ಬಾಗಿಲು ಎಳೆದ.

ಒಳಗೆ ಹೆಂಗಸಿರಲಿಲ್ಲ. ತೂಗುಹಾಕಿದ ದನದ ತೊಡೆಗಳ ನಡುವೆ ಆರಡಿ ಮೂರಂಗುಲದ ಒಬ್ಬ ಗಂಡಸು ನಿಂತಿದ್ದ. ಬಾಗಿಲು ತುಂಬುವ ಹೆಗಲು, ಎರಡು ಗಲ್ಲ, ಕೈಯಲ್ಲಿ ಕತ್ತಿ. ಬಾಯಿಂದ ಹಬೆ ಹೊರಡುತ್ತಿತ್ತು.

"ನೀನೇನಾ ಹಾಡಿದ್ದು?" ವರ್ಜಿಲ್ ಕೇಳಿದ.

"ಇಲ್ಲ ಸಾರ್."

"ಮತ್ಯಾರು, ಈ ಹಸುನಾ?"

ಅವನ ಹೆಸರು ಕ್ಲಿಯೋಫಸ್. ಸೌತ್ ಕೆರೊಲಿನಾದಿಂದ ಬಂದು ಆರು ತಿಂಗಳಾಗಿತ್ತಂತೆ. ಯಾರಾದರೂ ನೋಡುತ್ತಿದ್ದರೆ ಗಂಟಲು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಒಳಗೆ ಬಾಗಿಲು ಹಾಕಿಕೊಂಡು ಹಾಡುತ್ತೇನೆ ಎಂದ. ನಮ್ಮ ಜೊತೆ ಬಾ ಎಂದು ಕರೆದರೆ ಹೊರಗೆ ಬರಲು ಸುತರಾಂ ಒಪ್ಪಲಿಲ್ಲ. ಹಾಗಾಗಿ ನಾವೇ ಒಳಗೆ ಹೋದೆವು. ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ, ಹೊರಗೆ ಜನ ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ಕೂತು ಬೀಸಿಕೊಳ್ಳುತ್ತಿರುವಾಗ, ನಾವು ಚಳಿಗಾಲದ ಓವರ್‌ಕೋಟು ತೊಟ್ಟು, ಟೋಪಿ ಇಟ್ಟುಕೊಂಡು ಬೀದಿಯಲ್ಲಿ ನಡೆದು ಹೋಗುತ್ತಿದ್ದೆವು. "ಲೇ, ಅಲಾಸ್ಕಾ ಬಸ್ಸು ಆ ಕಡೆ ನಿಲ್ಲುತ್ತೆ!" ಎಂದು ಕ್ಷೌರದಂಗಡಿಯವರು ಕೂಗುತ್ತಿದ್ದರು. ಕ್ಲಿಯೋಫಸ್ ಗೋಡೆಗೆ ಮುಖ ಮಾಡಿ ಹಾಡುವನು, ವರ್ಜಿಲ್ ಕೆಳಗಿನ ದನಿ ಹಾಸುವನು, ಹೊಸಿಯಾ ಮಾಂಸದ ಕೊಕ್ಕೆಗಳಿಗೆ ತಲೆ ತಾಗದಂತೆ ಹೆಜ್ಜೆ ಹಾಕುವನು. ನಾನು ಮೂಕನಂತೆ ಕೈಬೀಸಿ ತಾಳ ಹಾಕುತ್ತಿದ್ದೆ. ಮಿಸ್ ಅರ್ಲೀನ್ ತನ್ನ ಎರಡನೇ ಗಂಡನ ಮೇಲೆ ಕಟ್ಟಿದ "ಇನ್ನೊಂದು ಗಳಿಗೆ" ಎಂಬ ಹಾಡನ್ನು ನಮಗೆ ಕೊಟ್ಟಳು. ಗಂಡ ಹೋಗಿದ್ದ, ಹಾಡು ಉಳಿದಿತ್ತು.

ಮೀನೂಟದ ಭಾನುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಇನ್ನೂರು ಜನ. ಕರಿದ ಮೀನಿನ ಘಮ, ಆಲೂಗಡ್ಡೆ ಸಲಾಡಿನ ದೊಡ್ಡ ದೊಡ್ಡ ಬಟ್ಟಲು, ಬೀಸಣಿಗೆಗಳ ಪಟಪಟ. ಹಾಡುವ ಸರದಿ ಬಂತು. ಮಿಸ್ ಅರ್ಲೀನ್ ಗದರಿಸಿ ಹೊರಡಿಸಿಕೊಂಡು ಬಂದಿದ್ದ ಕ್ಲಿಯೋಫಸ್ ಜನರನ್ನು ಒಮ್ಮೆ ನೋಡಿದ. ಅವನ ಮುಖ ಬೂದಿಯಾಯಿತು. ನೋಡನೋಡುತ್ತಿದ್ದಂತೆ ಅಷ್ಟು ದೊಡ್ಡ ದೇಹ ಗಿರ್ರನೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು. ನನ್ನ ಜೀವ ಹೋದಂತಾಯಿತು. ಆದರೆ ಹೊಸಿಯಾ ಹೆಜ್ಜೆಯ ಮನುಷ್ಯನಲ್ಲವೆ? ಕಣ್ಣು ಮಿಟುಕಿಸುವಷ್ಟರಲ್ಲಿ ಚಿಟಿಕೆ ಹೊಡೆದು ತಾನೂ ತಿರುಗಿದ. ವರ್ಜಿಲ್ ತಿರುಗಿದ. ನಾನೂ ತಿರುಗಿದೆ. ಈಗ ಇನ್ನೂರು ಜನರ ಮುಂದೆ ನಾಲ್ಕು ಬೆನ್ನುಗಳು.

"ಇದೇನ್ರಪ್ಪಾ, ದರ್ಜಿ ಬೆನ್ನಿಗೆ ಹಾಕಿದ ಹೊಲಿಗೆ ತೋರ್ಸಕ್ಕೆ ಬಂದ್ರಾ?" ಎಂದಳು ಮುಂದಿನ ಸಾಲಿನ ಮುದುಕಿಯೊಬ್ಬಳು. ನಗೆ ಎದ್ದಿತು.

ಆಗ ಕ್ಲಿಯೋಫಸ್ ಹಾಡತೊಡಗಿದ. ನಗೆ ಅರ್ಧಕ್ಕೇ ನಿಂತಿತು. ಬೀಸಣಿಗೆಗಳು ನಿಂತವು. ಎರಡನೇ ನುಡಿಗೆ ಬರುವಷ್ಟರಲ್ಲಿ ಯಾರೋ "ಓ ದೇವರೇ" ಎಂದು ನರಳಿದರು, ಯಾರೋ ತಟ್ಟೆ ಬೀಳಿಸಿದರು. ಆ ಬೆನ್ನಿನ ಒಡೆಯ ಯಾರೆಂದು ನೋಡಲು ಜನ ಕುರ್ಚಿಯ ಮೇಲೆ ಹತ್ತಿ ಕತ್ತು ಚಾಚಿದರು. ಕೊನೆಯ ಸ್ವರವನ್ನು ಅವನು ಎಷ್ಟು ಹೊತ್ತು ಹಿಡಿದನೆಂದರೆ, ಹೊಸಿಯಾಗೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಭುಜ ಹಿಡಿದು ಜನರ ಕಡೆ ತಿರುಗಿಸಲು ಸಮಯ ಸಿಕ್ಕಿತು. ಕೊನೆಗೆ ತಿರುಗಿದವನು ಕ್ಲಿಯೋಫಸ್. ಅವನು ಕಣ್ಣು ಬಿಟ್ಟಾಗ ಇನ್ನೂರು ಜನವೂ ಎದ್ದು ನಿಂತಿದ್ದರು.

"ಇನ್ನೊಂದ್ಸಲ!" ಎಂದಳು ಅದೇ ಮುದುಕಿ. "ಬೆನ್ನು ಹಾಕ್ಕೊಂಡೇ ಹಾಡ್ರೋ, ಪರವಾಗಿಲ್ಲ!"

ಅಂದು ಅಲ್ಲಿ ಮೀನು ತಿನ್ನಲು ಬಂದವರಲ್ಲಿ ಬ್ಯಾಸ್ಕಂ ಎಂಬಾತನೂ ಇದ್ದ. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಪುಟ್ಟ ರೆಕಾರ್ಡ್ ಕಂಪನಿ. ಬೆರಳು ಒರೆಸಿಕೊಳ್ಳದೆಯೇ ಬಂದು ನಮ್ಮ ಕೈ ಕುಲುಕಿದ. "ಗುಂಪಿನ ಹೆಸರೇನು?" ಎಂದ. ಪಟ್ಟಿಯಲ್ಲಿದ್ದದ್ದು ನಾವು ಮೂವರಿದ್ದಾಗ ಇಟ್ಟುಕೊಂಡ ಹೆಸರು, ನಾಲ್ವರಿಗೆ ಹೊಂದುತ್ತಿರಲಿಲ್ಲ. ಮಿಸ್ ಅರ್ಲೀನ್ ಆರ್ಗನ್ ಹಿಂದಿನಿಂದಲೇ ಹೇಳಿದಳು, "ಫೋರ್ ಓವರ್‌ಕೋಟ್ಸ್. ಇನ್ನೇನು ಮತ್ತೆ?"

ಜುಲೈಗೆ ರೆಕಾರ್ಡಿಂಗ್ ಗೊತ್ತಾಯಿತು. ಅಷ್ಟರಲ್ಲಿ ನನ್ನ ದನಿ ಮರಳಿತ್ತು. ಸರಿ, ಯಜಮಾನ ಬಂದ, ಕ್ಲಿಯೋಫಸ್ ಹಿಂದೆ ಸರಿಯಲಿ ಎಂದು ನಾನು ಮೈಕಿನ ಮುಂದೆ ನಿಂತು ಮೊದಲ ನುಡಿ ಹಾಡಿದೆ. ಬ್ಯಾಸ್ಕಂ ಗಾಜಿನ ಹಿಂದೆ ಸುಮ್ಮನೆ ಕೇಳಿದ. ಆಮೇಲೆ ಹೊರಬಂದು ನನ್ನ ಹೆಗಲ ಮೇಲೆ ಕೈ ಹಾಕಿದ.

"ನೀನು ತುಂಬಾ ಚೆನ್ನಾಗಿದೀಯ ಕಣಯ್ಯಾ."

"ಥ್ಯಾಂಕ್ಸ್ ಸಾರ್."

"ಫೋಟೋಗೆ. ಹಾಡೋದು ಆ ದಪ್ಪಣ್ಣ ಹಾಡ್ಲಿ."

ನಾನು ಟೋಪಿ ಎತ್ತಿಕೊಂಡು ಮೆಟ್ಟಿಲಿಳಿದು ಹೊರಟುಹೋದೆ. ಕ್ಲಿಯೋಫಸ್ "ಲಿಂಡೆಲ್, ನಿಲ್ಲಪ್ಪಾ" ಎಂದು ಹಿಂದೆ ಬಂದದ್ದು ಕೇಳಿಸಿತು, ತಿರುಗಲಿಲ್ಲ. ಎರಡು ದಿನ ಲಿಫ್ಟಿನಲ್ಲಿ ಮುಖ ಊದಿಸಿಕೊಂಡು ನಿಂತೆ. ಟೋಪಿ ಕೇಳಿದವರನ್ನು ಮಂಚದ ಮಹಡಿಗೆ ಬಿಟ್ಟೆ, ಮಂಚ ಕೇಳಿದವರನ್ನು ಗೋದಾಮಿಗೆ. ಮೂರನೇ ದಿನ ಮಿಸ್ ಅರ್ಲೀನ್ ಲಿಫ್ಟಿಗೆ ನುಗ್ಗಿ ಬಾಗಿಲೆಳೆದುಕೊಂಡಳು.

"ಯಾವ ಮಹಡಿ?" ಎಂದೆ.

"ನನ್ನ ಮಾತು ಮುಗಿಯೋವರೆಗೂ ಎಲ್ಲಾ ಮಹಡಿ. ನಡೆಸು!"

ಮೇಲಕ್ಕೆ ಹೋದೆವು, ಕೆಳಕ್ಕೆ ಬಂದೆವು, ಮತ್ತೆ ಮೇಲಕ್ಕೆ.

"ಅವನ ದನಿ ನಿನಗಿಂತ ಚೆನ್ನಾಗಿದೆ. ಹೌದೋ ಅಲ್ವೋ?"

ಐದನೇ ಮಹಡಿ ದಾಟಿತು.

"ಹೌದು," ಎಂದೆ.

"ಶಭಾಷ್. ಆದ್ರೆ ನಿನ್ನೆ ಅವರು ಮೂವರೇ ಹಾಡಿದ್ರು. ನಾನು ಕೇಳ್ದೆ. ಮೇಲೆ ಅವನು, ಕೆಳಗೆ ವರ್ಜಿಲ್, ನಡುವೆ ನಮ್ಮ ಹೊಸಿಯಾ ಒಬ್ನೇ ಒದ್ದಾಡ್ತಿದ್ದ. ನಡುವಿನ ದನಿಯಿಲ್ದೆ ಹಾಡು ಹಲ್ಲುಬಿದ್ದ ಬಾಯಾಗಿದೆ ಕಣೋ. ಆ ದಪ್ಪಣ್ಣ ಅಂತೂ ಇನ್ಮೇಲೆ ನೀನು ಬರೋವರೆಗೂ ಬಾಯೇ ಬಿಡಲ್ಲ ಅಂತ ಕೂತಿದಾನೆ. ಇವತ್ತು ಸಂಜೆ ಬಾ. ಬರ್ಲಿಲ್ಲ ಅಂದ್ರೆ ಈ ಲಿಫ್ಟಲ್ಲೇ ಸಂಸಾರ ಹೂಡ್ತೀನಿ."

ಹೋದೆ. ಇಸ್ತ್ರಿ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕ್ಲಿಯೋಫಸ್ ನನಗಾಗಿ ಕಾಯುತ್ತ ಕೂತಿದ್ದ. ಕಾಗದದಲ್ಲಿ ಸುತ್ತಿದ್ದ ಸಿಹಿಗೆಣಸು ತುಂಬಿ ಬೇಯಿಸಿದ ಪೈ ತಿಂಡಿ ಚಾಚಿದ. "ನನ್ನ ಕೈಲಿ ಮಾತಾಡಕ್ಕಾಗಲ್ಲ ಲಿಂಡೆಲ್. ನೀನು ಮಾತಾಡು, ನಾನು ಹಾಡ್ತೀನಿ," ಎಂದ.

ಅವನು ಹೇಳಿದ್ದು ಜಗಳ ಬಗೆಹರಿಸುವ ಮಾತು. ಆದರೆ ಅದು ನನ್ನ ತಲೆಯಲ್ಲಿ ಬೇರೆಯೇ ದೀಪ ಹಚ್ಚಿತು. ಹಾಡಿನ ನಡುವೆ ಆರ್ಗನ್ ಒಂದೇ ನುಡಿಯುವ ಒಂದು ಜಾಗವಿತ್ತು. ಅಲ್ಲಿ ನಾನು ಮೈಕಿಗೆ ಬಾಯಿ ಹಚ್ಚಿ, ಯಾರನ್ನೂ ಕೇಳದೆ ಮಾತಾಡಿಬಿಟ್ಟೆ: "ನೋಡು ರಾಣಿ, ನಾನು ಮುನಿಸ್ಕೊಂಡು ಹೋಗಿದ್ದು ನಿಜ. ಬೀದಿ ಕೊನೇವರೆಗೂ ಹೋದೆ. ಟೋಪಿ ಮರೆತೆ ಅಂತ ವಾಪಸ್ ಬಂದಿದೀನಿ ಅಂದ್ಕೋಬೇಡ. ಟೋಪಿ ತಲೆ ಮೇಲೇ ಇದೆ." ಆ ಮಾತಿನ ಬಾಲ ಹಿಡಿದು ಕ್ಲಿಯೋಫಸ್ ಮೇಲೆದ್ದ, ವರ್ಜಿಲ್, ಹೊಸಿಯಾ, ನಾನು ಅವನ ಕೆಳಗೆ ಸೇರಿಕೊಂಡೆವು. ಗಾಜಿನ ಹಿಂದೆ ಬ್ಯಾಸ್ಕಂ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಕೆಳಗಿನ ಇಸ್ತ್ರಿ ಅಂಗಡಿಯ ಹೆಂಗಸರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಮೂಗೊರೆಸಿಕೊಳ್ಳುತ್ತಿದ್ದರು. ಯಾರದೋ ಅಂಗಿ ಕರಕಲಾದ ವಾಸನೆ ಬರುತ್ತಿತ್ತು.

ರೆಕಾರ್ಡು ಬಂದು ಮೂರು ವಾರ ಏನೂ ಆಗಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ನಾನು ವರ್ಜಿಲ್‌ನ ಬಸ್ಸಿನಲ್ಲೇ ಮನೆಗೆ ಹೊರಟಿದ್ದೆ. ಹಿಂದೆ ಒಬ್ಬ ಶಾಲೆಯ ಹುಡುಗಿ ಮಡಿಲಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದಳು. ಬ್ರಾಡ್ ಸ್ಟ್ರೀಟಿನ ನಡುವೆ ಮಿಸ್ ಅರ್ಲೀನಳ ಆರ್ಗನ್ ಕೇಳಿಸಿತು. ವರ್ಜಿಲ್ ಬ್ರೇಕು ಒತ್ತಿದ ರಭಸಕ್ಕೆ ನಿಂತವರೆಲ್ಲ ಕೂತವರ ತೊಡೆಯ ಮೇಲಿದ್ದರು.

"ಯಾಕಪ್ಪಾ ನಿಲ್ಲಿಸ್ದೆ?" ಎಂದಳು ಚೀಲ ಹಿಡಿದ ಹೆಂಗಸೊಬ್ಬಳು. "ನನ್ನ ಐಸ್‌ಕ್ರೀಮ್ ಕರಗ್ತಿದೆ!"

"ಅಮ್ಮಾ, ಅದು ನಾನು!"

"ಯಾವುದು ನೀನು?"

"ರೇಡಿಯೋದಲ್ಲಿ!"

"ರೇಡಿಯೋದಲ್ಲಿದ್ರೆ ಬಸ್ಸು ಯಾರು ಬಿಡ್ತಿದಾರೆ?"

ವರ್ಜಿಲ್ ಸೀಟಿನ ಮೇಲೆ ಹತ್ತಿ ನಿಂತು, ತನ್ನದೇ ದನಿಗೆ ದನಿ ಕೂಡಿಸಿ ಹಾಡತೊಡಗಿದ. ಕಿಟಕಿಯ ಗಾಜು ನಡುಗಿತು. ಜನ ರೇಡಿಯೋ ನೋಡಿದರು, ಅವನನ್ನು ನೋಡಿದರು, ಮತ್ತೆ ರೇಡಿಯೋ ನೋಡಿದರು. ಆಗ ಮಾತಿನ ಜಾಗ ಬಂತು. ನಾನು ಬಸ್ಸಿನ ನಡುವೆ ಎದ್ದು ನಿಂತು, ಐಸ್‌ಕ್ರೀಮಿನಾಕೆಯ ಕೈ ಹಿಡಿದು "ನೋಡು ರಾಣಿ" ಎಂದೆ. ಆಕೆ ಕಿರುಚಿದ ಸದ್ದಿಗೆ ರಸ್ತೆಯಾಚೆಯ ಮನೆಗಳ ಕಿಟಕಿಗಳು ತೆರೆದವು. ಆ ಮನೆಗಳಲ್ಲೂ ಅದೇ ರೇಡಿಯೋ, ಅದೇ ಹಾಡು. ಇಡೀ ಬೀದಿ ನಮ್ಮನ್ನು ಹಾಡುತ್ತಿತ್ತು! ಜನ ಇಳಿದು ಕುಣಿಯತೊಡಗಿದರು. ಹಿಂದಿನ ಬಸ್ಸಿನ ಡ್ರೈವರು ಹಾರ್ನ್ ಒತ್ತಿ ಒತ್ತಿ ಸಾಕಾಗಿ ಬೈಯಲು ಇಳಿದು ಬಂದ. ಬಂದವನಿಗೆ ಯಾರೋ ಕರಗಿದ ಐಸ್‌ಕ್ರೀಮಿನ ಡಬ್ಬಿ ಕೊಟ್ಟರು, ಅವನೂ ಅಲ್ಲೇ ಉಳಿದ.

ಸೆಪ್ಟೆಂಬರಿನಲ್ಲಿ ಬ್ರಾಡ್ ಸ್ಟ್ರೀಟಿನ ದೊಡ್ಡ ಥಿಯೇಟರಿನಿಂದ ಕರೆ ಬಂತು. ಶನಿವಾರ ಮಧ್ಯಾಹ್ನದ ಆಟ, ಎರಡು ಸಾವಿರ ಜನ. ನಾವು ಓವರ್‌ಕೋಟಿನಲ್ಲಿ ಬೆವರುತ್ತ ಬೆನ್ನು ಹಾಕಿಯೇ ರಂಗಕ್ಕೆ ನಡೆದೆವು. ಮೊದಲ ಸ್ವರಕ್ಕೇ ಜನ ಗುರುತು ಹಿಡಿದರು. ಮೊದಲ ನುಡಿ ಇನ್ನೂ ಮುಗಿದಿರಲಿಲ್ಲ, ಕ್ಲಿಯೋಫಸ್ ತಿರುಗಿದ. ಹೊಸಿಯಾ ಚಿಟಿಕೆ ಹೊಡೆದಿರಲಿಲ್ಲ, ನಾವ್ಯಾರೂ ಅವನನ್ನು ಮುಟ್ಟಿರಲಿಲ್ಲ. ಅಷ್ಟು ಜನರನ್ನು ಎದುರಿಗೆ ನೋಡುತ್ತ, ಎರಡು ಗಲ್ಲವೂ ಹೊಳೆಯುವಂತೆ ನಕ್ಕು, ಬಾಯಿ ತುಂಬ ಹಾಡಿದ. ನಾನು "ಟೋಪಿ ತಲೆ ಮೇಲೇ ಇದೆ" ಎಂದಾಗ ರಂಗದ ಮೇಲೆ ಹದಿನೇಳು ಹೆಂಗಸರ ಟೋಪಿಗಳು ಬಂದು ಬಿದ್ದವು.

ನಮಗೆ ಬರುತ್ತಿದ್ದದ್ದು ಮೂರೇ ಹಾಡು. ಮೂರೂ ಮುಗಿದವು, ಜನ ಬಿಡಲಿಲ್ಲ. ಮೊದಲನೆಯದನ್ನೇ ಮತ್ತೆ ಹಾಡಿದೆವು. ಆಗಲೂ ಬಿಡಲಿಲ್ಲ. ಮೂರನೇ ಸಲ ಶುರುಮಾಡಿದಾಗ ಅವರೇ ಹಾಡತೊಡಗಿದರು. ಯಾರೂ ಹೇಳಿಕೊಡದೆಯೇ ಬಾಲ್ಕನಿಯ ಹುಡುಗಿಯರು ಕ್ಲಿಯೋಫಸ್‌ನ ಮೇಲಿನ ದನಿ ಎತ್ತಿಕೊಂಡರು, ಕೆಳಗಿನ ಗಂಡಸರು ವರ್ಜಿಲ್‌ನದು, ನಡುವಿನವರು ನನ್ನದು, ಹೊಸಿಯಾನದು. ನಾವು ನಾಲ್ವರೂ ಹಾಡುವುದು ನಿಲ್ಲಿಸಿ, ಕೈ ಇಳಿಬಿಟ್ಟು, ಊಟಕ್ಕೆ ಬಂದ ನೆಂಟರಂತೆ ನಿಂತು ಕೇಳಿದೆವು. ಹೊಸಿಯಾನ ಪಾದಗಳು ಹುಟ್ಟಿದ ಮೇಲೆ ಮೊದಲ ಸಲ ಸುಮ್ಮನಿದ್ದವು. ಕ್ಲಿಯೋಫಸ್‌ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ನನ್ನ ಕಿವಿಗೆ ಬಾಗಿದ.

"ಬಾಲ್ಕನಿಯೋರು ಶ್ರುತಿ ಸ್ವಲ್ಪ ಇಳಿಸಿದಾರೆ ಅಲ್ವಾ?"

"ಸುಮ್ನಿರೋ ದಪ್ಪಣ್ಣ," ಎಂದೆ. "ಹಾಡ್ಲಿ ಬಿಡು."