ಟ್ಯಾಂಕಿನ ಒಳಹೊಲಿಗೆ

"ಟ್ಯಾಂಕು ಸೋರುತ್ತೆ ಅಂದ್ರೆ ಸೋರುತ್ತೆ. ಕಣ್ಣು ಕಾಣಲ್ವಾ ನಿನಗೆ?"

"ನಾಲಿಗೆ ಹಿಡಿತದಲ್ಲಿರಲಿ. ನೀನು ನಿಂತಿರೋದು ನನ್ನ ಶೆಡ್ಡಲ್ಲಿ."

"ಶೆಡ್ಡು ನೀನೇ ಇಟ್ಕೋ ಅಣ್ಣ. ದೋಣಿ ಮಾಡೋರ ಕೈಗೆ ವಿಮಾನದ ಕೆಲಸ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಮಂಕು ಕವಿದಿತ್ತು."

"ದೋಣಿ ಮುಳುಗಿದ್ರೆ ಈಜಿ ದಡ ಸೇರಬಹುದು. ನೀನು ಮೇಲಿಂದ ಬಿದ್ರೆ ಏನ್ ಮಾಡ್ತೀಯೋ? ತೋಳು ಬಡಿತೀಯಾ?"

ತಮ್ಮನ ವಿಮಾನ ಶೆಡ್ಡಿನ ಹಿಂಬದಿಯಲ್ಲಿ, ರಿಪೇರಿಗೆ ಬಂದ ದೋಣಿಗಳ ಆಚೆ ನಿಂತಿತ್ತು. ಎರಡು ಸೀಟಿನದು, ಅವನೇ ಕೂತು ಕಟ್ಟಿದ್ದು. ರೆಕ್ಕೆ, ಎಂಜಿನ್ನು ಎಲ್ಲ ಆಗಿ ಪೆಟ್ರೋಲ್ ಟ್ಯಾಂಕೊಂದು ಬಾಕಿ ಇತ್ತು. ಅದೀಗ ಮೇಜಿನ ಮೇಲಿತ್ತು. ಅದರ ಕೆಳಗಿನ ಅಂಚಿನುದ್ದಕ್ಕೂ ಒದ್ದೆ ಗೆರೆ.

ಟ್ಯಾಂಕು ಮಾಡಿದವಳು ಅಣ್ಣನ ಹೆಂಡತಿ. ಅಚ್ಚಿನ ಮೇಲೆ ಫೈಬರ್ ಬಟ್ಟೆ ಹಾಸಿ, ರೆಸಿನ್ ಅಂಟು ಕುಡಿಸಿ, ಪದರದ ಮೇಲೆ ಪದರ ಕೂರಿಸಿ ಎರಡು ಹೋಳು ಮಾಡಿದ್ದಳು. ಹೋಳು ಕೂಡಿಸಿದ ಮೇಲೆ ಒಳಗಿನಿಂದಲೂ ಕೂಡಿದ ಗೆರೆಯ ಹೊಲಿಗೆಗೆ ಬಟ್ಟೆ ಅಂಟಿಸಬೇಕು. ಕೈ ಹಾಕಲು ಇದ್ದದ್ದು ಒಂದೇ ಸಣ್ಣ ಬಾಯಿ. ಗಂಡಸರ ತೋಳು ಅದರಲ್ಲಿ ಹೋಗಲಿಲ್ಲ. ಅವಳದು ಹೋಯಿತು, ಅದೂ ಗ್ಲೌಸು ಬಿಚ್ಚಿದ ಮೇಲೆ. ಒಳಗೆ ಕಣ್ಣಿಗೆ ಏನೂ ಕಾಣದು. ಬರಿಗೈಯಲ್ಲಿ ತಡವಿ ತಡವಿ, ಗಾಳಿಗುಳ್ಳೆ ಸಿಕ್ಕಲ್ಲೆಲ್ಲ ಬೆರಳಿಂದ ಒತ್ತಿ ಮುಗಿಸಿದಳು. ಮೊಣಕೈವರೆಗೆ ಚರ್ಮ ಕೆಂಪೇರಿ ಬಿರುಕು ಬಿಟ್ಟಿತು. "ಒಳ್ಳೇದೇ ಆಯ್ತು, ಮರಳು ಕಾಗದ ಕೊಳ್ಳೋದು ತಪ್ಪಿತು," ಎಂದು ಗಂಡ ನಕ್ಕಿದ್ದ. ಮೈದುನನೂ ನಕ್ಕಿದ್ದ.

ಅವಳು ಅದನ್ನು ಸಹಿಸಿದ್ದು ಒಂದೇ ಮಾತಿಗಾಗಿ. "ಮೊದಲ ಸಲ ಪಕ್ಕದ ಸೀಟಲ್ಲಿ ನೀವೇ ಅತ್ತಿಗೆ," ಎಂದು ಮೈದುನ ಹೇಳಿದ್ದ. ಮದುವೆಯಾದಾಗಿನಿಂದ ಅವಳಿಗೆ ಯಾರೂ ಏನನ್ನೂ ಕೊಡುತ್ತೇನೆ ಅಂದಿರಲಿಲ್ಲ.

"ಒಳಹೊಲಿಗೇನೇ ಸರಿ ಕೂತಿಲ್ಲ," ಎಂದ ತಮ್ಮ. "ಅತ್ತಿಗೆ ಮನಸ್ಸಿಟ್ಟು ಮಾಡಿಲ್ಲ. ಅಡುಗೆ ಮನೆ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಎದ್ದಿದ್ದಾರೆ."

"ನಾನು ಒಂದು ಗುಳ್ಳೇನೂ ಬಿಟ್ಟಿಲ್ಲ," ಎಂದಳು ಅವಳು.

"ಕೊಯ್ದರೆ ಗೊತ್ತಾಗುತ್ತೆ."

ಅವನು ಹ್ಯಾಕ್ಸಾ ಗರಗಸ ಕೈಗೆತ್ತಿಕೊಂಡ. ಟ್ಯಾಂಕಿನ ಪೆಟ್ರೋಲ್ ಹಿಂದಿನ ರಾತ್ರಿಯೇ ಬಸಿದು, ಇಂದು ನೀರು ತುಂಬಿ ತೊಳೆದು ಆಗಲೇ ತಯಾರಾಗಿದ್ದ. ಅವಳು ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ. ಒಂದ್ಸಲ ಗಾಳಿ ತುಂಬಿ ನೋಡಲಿ. ಕೊಯ್ದ ಮೇಲೆ ಮತ್ತೆ ಕೂಡಲ್ಲ ಅದು."

ಗಂಡ ಬೀಡಿ ಹಚ್ಚಲು ಬಾಗಿಲಾಚೆ ಹೋಗಿ ನಿಂತಿದ್ದ. "ಅವನ ಟ್ಯಾಂಕು. ಕೊಯ್ಕೊಳ್ಳಲಿ ಬಿಡು."

ಬ್ಲೇಡು ಕಿರ್ರೆಂದು ಇಳಿಯಿತು. ಬಿಳಿ ಪುಡಿ ಮೇಜಿನ ಮೇಲೆ ಸುರಿಯಿತು. ಅವಳು ಕೈಕಟ್ಟಿ ನಿಂತು ನೋಡಿದಳು. ಒಂದು ಪಕ್ಕ ಪೂರಾ ಕಳಚಿ ಬಂದಾಗ ತಮ್ಮ ಟಾರ್ಚು ಹಿಡಿದು ಬಗ್ಗಿದ. ಒಳಹೊಲಿಗೆ ಈ ತುದಿಯಿಂದ ಆ ತುದಿಗೆ ಗಟ್ಟಿಯಾಗಿ ಕೂತಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಅವಳ ಬೆರಳು ಒತ್ತಿದ ಗುಳಿಗಳು ಸಾಲಾಗಿ ಗಟ್ಟಿಯಾಗಿದ್ದವು.

ತಮ್ಮ ಉಗುರಿನಿಂದ ಕೆರೆದು ನೋಡಿದ. ಮತ್ತೆ ಕೆರೆದ.

"ಅಲ್ಲಿ ಏನು ಹುಡುಕ್ತೀಯ?" ಅಣ್ಣ ಬೀಡಿ ಹೊಸಕಿ ಒಳಗೆ ಬಂದ. "ಈ ಕಡೆ ಬಾ. ಪೆಟ್ರೋಲ್ ಇಳಿಯೋ ಹಿತ್ತಾಳೆ ನಳಿಕೆ ಕೂರಿಸಿದ್ದು ಯಾರು?"

"ನಾನೇ."

"ಗೂಳಿ ಹಾಗೆ ಸ್ಪ್ಯಾನರ್ ತಿರುಗಿಸಿದ್ದೂ ನೀನೇ. ಅದರ ಬುಡದಲ್ಲಿ ಕೂದಲೆಳೆ ಬಿರುಕಿದೆ ನೋಡು. ಪೆಟ್ರೋಲ್ ಅಲ್ಲಿಂದ ಅಂಚು ಹಿಡಿದು ಹರಿದಿದೆ. ಹನಿ ಕಂಡಲ್ಲೇ ತೂತು ಇರುತ್ತೆ ಅನ್ನೋನು ದೋಣಿ ರಿಪೇರಿಗೂ ನಾಲಾಯಕ್ಕು. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

"ನಿನಗೆ ಹೇಗೆ ಗೊತ್ತು?"

"ಬೆಳಿಗ್ಗೆ ನೀನು ಏಳೋಕೆ ಮುಂಚೆ ತೂತುಗಳಿಗೆಲ್ಲ ಬೆಣೆ ಹಾಕಿ, ಒಂದಕ್ಕೆ ಬಲೂನು ಕಟ್ಟಿ ಊದಿ, ಸೋಪಿನ ನೀರು ಬಳಿದೆ. ನಳಿಕೆ ಬುಡದಲ್ಲಿ ಬುಳುಬುಳು ಅಂತ ಬಂತು. ಹೊಲಿಗೆ ಕಲ್ಲಿನ ಹಾಗಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ದೋಣಿಯವನ ಹತ್ರ ವಿಮಾನದೋನು ಕೇಳಬೇಕಲ್ಲ. ಕೇಳಿದೆಯಾ? ಒಂದು ತೇಪೆ ಹಾಕಿದ್ರೆ ಆಗ್ತಿತ್ತು. ಈಗ ಮಾಡಿದ್ದುಣ್ಣು."

ಅಣ್ಣನ ಮುಖದಲ್ಲಿ ಗೆದ್ದ ಸಂತೋಷ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ನಿಮಗೆ ಗೊತ್ತಿತ್ತು," ಎಂದಳು. "ನಾನು ಕೇಳ್ಕೊಂಡಾಗಲೂ ಗೊತ್ತಿತ್ತು."

"ನಿನಗೇನಾಯ್ತು ಈಗ? ನಿನ್ನ ಹೊಲಿಗೆ ಚೆನ್ನಾಗಿದೆ ಅಂತ ಅವನ ಬಾಯಿ ಮುಚ್ಚಿಸಿದೆನಲ್ಲ. ಖುಷಿ ಪಡು."

ಅವಳು ಕೊಯ್ದ ಪಕ್ಕವನ್ನು ಎತ್ತಿ, ಗುಳಿಗಳ ಮೇಲೆ ಒಮ್ಮೆ ಬೆರಳಿಟ್ಟು, ಅಲ್ಲೇ ಇಟ್ಟಳು. ಚಪ್ಪಲಿ ಮೆಟ್ಟಿಕೊಂಡು ದೋಣಿಗಳ ನಡುವಿನಿಂದ ಬಾಗಿಲು ದಾಟಿದಳು.

"ಕೈ ತೊಳೆಯೋಕೆ ಹೋದಳು," ಎಂದ ಗಂಡ.

ತಮ್ಮ ಹ್ಯಾಕ್ಸಾ ಕೆಳಗಿಟ್ಟು ಬೆವರು ಒರೆಸಿಕೊಂಡ. "ಹೊಸದು ಮಾಡಬೇಕು. ಅಚ್ಚು ಇದ್ದೇ ಇದೆ."

"ಅಚ್ಚಿದೆ, ರೆಸಿನ್ನೂ ಇದೆ. ಒಳಹೊಲಿಗೆಗೆ ನಿನ್ನ ತೋಳು ಹೋಗುತ್ತಾ?"

"ಅತ್ತಿಗೆ ಇದ್ದಾರಲ್ಲ."

"ಹೂಂ. ಬರಲಿ ತಾಳು."

ಇಬ್ಬರೂ ಮೇಜಿನ ಎರಡು ಕಡೆ ಕೂತು ಕಾದರು. ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.