ಹಾಸ್ಟೆಲ್ ಕೈಯ ಚಿಟಿಕೆ

ಆಸ್ಪತ್ರೆಯಲ್ಲಿ ಅವಳ ಕೆಲಸ ರೋಗಿಗಳ ಊಟ ಗೊತ್ತುಮಾಡುವುದು. ಯಾರಿಗೆ ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ, ಎಷ್ಟು ಬೆಚ್ಚಗೆ ಎಂದು ಚೀಟಿ ಬರೆದುಕೊಡುವುದು. ಕೈಚೀಲದಲ್ಲಿ ಸದಾ ಅಂಗೈಯಗಲದ ಒಂದು ತಕ್ಕಡಿ, ಎರಡು ಅಳತೆ ಲೋಟ, ಒಂದು ಟೇಪು. ಇಷ್ಟೆಲ್ಲ ಹೊತ್ತು ತಿರುಗಿದರೆ ಜನ ಸುಮ್ಮನೆ ಬಿಡುತ್ತಾರೆಯೇ? ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಅಳತೆಯಮ್ಮ. ಅವಳಿಗೂ ಒಳಗೊಳಗೇ ಆ ಹೆಸರು ಇಷ್ಟ. 'ಕಣ್ಣಂದಾಜು' ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಆ ಮಂಗಳವಾರ ಬೆಳಿಗ್ಗೆ ದೊಡ್ಡ ಡಾಕ್ಟರು ರಕ್ತಪರೀಕ್ಷೆಯ ಒಂದು ರಿಪೋರ್ಟು ತಂದು ಅವಳ ಮೇಜಿನ ಮೇಲಿಟ್ಟರು.

"ನಿಮ್ಮ ಡ್ರಾಯಿಂಗ್ ಮೇಷ್ಟ್ರದು. ವಾರದಿಂದ ಬರೀ ನಿದ್ದೆಯಂತೆ, ಎಬ್ಬಿಸಿದ್ರೂ ಮಂಕಂತೆ. ರಕ್ತದಲ್ಲಿ ಉಪ್ಪಿನಂಶ ಏರಿದೆ. ತಲೆಯಲ್ಲಿ ಗಡ್ಡೆ ಮತ್ತೆ ಬಂದಿದ್ರೂ ಹೀಗಾಗಬಹುದು. ಸಂಜೆ ಸೇರಿಸ್ಕೊಳ್ತೀನಿ, ನಾಳೆ ಸ್ಕ್ಯಾನ್. ಅಷ್ಟರೊಳಗೆ ಮನೆಗೆ ಹೋಗಿ, ಊಟದ ಕಡೆ ಏನಾದ್ರೂ ಎಡವಟ್ಟಾಗಿದೆಯಾ ನೋಡ್ಬಿಡಿ."

ಮೇಷ್ಟ್ರ ಕಥೆ ಅವಳಿಗೆ ಬಾಯಿಪಾಠ. ಎರಡು ವರ್ಷದ ಹಿಂದೆ ಮಿದುಳಿನ ಗಡ್ಡೆ ತೆಗೆದರು. ಜೀವ ಉಳಿಯಿತು, ಆದರೆ ನುಂಗುವ ಶಕ್ತಿ ಹೋಯಿತು, ಮಾತು ತೊದಲಿ ತೊದಲಿ ನಿಂತೇಬಿಟ್ಟಿತು, ಅಕ್ಷರಗಳೆಲ್ಲ ಮರೆತುಹೋದವು. ಚಿತ್ರ ಬರೆಯುವ ಕೈಯೊಂದು ಅದೃಷ್ಟಕ್ಕೆ ಹಾಗೇ ಉಳಿದುಕೊಂಡಿತ್ತು. ಹೊಟ್ಟೆಯ ಮೇಲಿನ ಸಣ್ಣ ರಂಧ್ರದಿಂದ ಒಂದು ನಳಿಕೆ; ಅನ್ನಾಹಾರ, ನೀರು, ಔಷಧ ಎಲ್ಲಕ್ಕೂ ಅದೇ ಬಾಗಿಲು. ಮೊದಲೆಲ್ಲ ಡಬ್ಬದ ಪುಡಿ ಕಲಸಿ ಹಾಕುತ್ತಿದ್ದರು. "ನಾನು ಬದುಕಿರುವಾಗ ನನ್ನ ಮಗ ಡಬ್ಬದ್ದು ತಿನ್ನೋದಾ?" ಎಂದು ಮೇಷ್ಟ್ರ ತಾಯಿ ಬೆನ್ನುಬಿದ್ದಾಗ, ತಿಂಗಳ ಹಿಂದೆ ಅಳತೆಯಮ್ಮನೇ ಮನೆಯೂಟಕ್ಕೆ ಒಪ್ಪಿದ್ದಳು. ಅನ್ನ, ಬೇಳೆ, ತರಕಾರಿ, ಹಾಲು, ಎಣ್ಣೆ, ಕಡೆಗೆ ಉಪ್ಪಿನವರೆಗೆ ತೂಕ ಹಾಕಿ ಚೀಟಿ ಬರೆದಿದ್ದಳು.

ಅಂದರೆ ಎಡವಟ್ಟು ಊಟದ್ದಾದರೆ ತಪ್ಪು ತನ್ನದು. ಊಟದ್ದಲ್ಲವಾದರೆ ಗಡ್ಡೆ. ಬಸ್ಸಿನಲ್ಲಿ ಕುಳಿತು ಆ ಚೀಟಿಯನ್ನು ಮೂರು ಸಲ ಕೂಡಿಸಿ ಕಳೆದಳು. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ನನ್ನದೇ ಆಗಿರಲಪ್ಪಾ ದೇವರೇ ಎಂದು ಅವಳು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಬಾಗಿಲು ತೆರೆದವಳು ಮೇಷ್ಟ್ರ ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಕೆಲಸ, ಇವತ್ತು ರಜ ಹಾಕಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಮತ್ತೆ ಬಂದ್ಬಿಟ್ಟಿದೆಯಾ ಮೇಡಂ? ನಿಜ ಹೇಳಿ."

"ನೋಡದೆ ಏನು ಹೇಳಲಿ? ಮೊದಲು ಒಳಗೆ ಬಿಡು ತಾಯಿ."

ಕಿಟಕಿಯ ಪಕ್ಕದ ಮಂಚದಲ್ಲಿ ಮೇಷ್ಟ್ರು ದಿಂಬಿಗೊರಗಿ ಅರೆಗಣ್ಣು ಮುಚ್ಚಿದ್ದರು. ತಲೆಯ ಕಡೆ ಮಂಚ ಎತ್ತರಿಸಿತ್ತು, ಸರಿಯಾಗಿ ಅಳತೆಯಮ್ಮ ಹೇಳಿದಷ್ಟೇ. ನಳಿಕೆಯ ಸುತ್ತಲ ಚರ್ಮ ಶುಭ್ರವಾಗಿತ್ತು. ತುಟಿ ಮಾತ್ರ ಒಣಗಿ ಬಿರಿದಿತ್ತು, ನಾಲಿಗೆ ಬರೀ ಅಂಟು. "ಮೇಷ್ಟ್ರೇ" ಎಂದು ಕರೆದಾಗ ಅವರು ಕಷ್ಟಪಟ್ಟು ಕಣ್ಣು ಬಿಟ್ಟು, ಎದೆಯ ಮೇಲಿದ್ದ ಸ್ಲೇಟನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಒಂದು ನಲ್ಲಿಯ ಚಿತ್ರ. ಎಂಥ ಚಿತ್ರವೆಂದರೆ, ತಿರುಪು ಕೂಡ ಎಣಿಸಬಹುದಿತ್ತು.

"ಹತ್ತು ದಿನದಿಂದ ಇದೇ ಬರೀತಿದಾರೆ," ಎಂದಳು ಹೆಂಡತಿ. "ಅಡುಗೆಮನೆ ನಲ್ಲಿ ಸೋರೋ ಸದ್ದಿಗೆ ನಿದ್ದೆ ಬರ್ತಿಲ್ಲವೇನೋ ಅಂತ ರಿಪೇರಿಯವನನ್ನ ಎರಡು ಸಲ ಕರೆಸಿದೆ. ಎರಡು ಸಲಾನೂ ವಾಷರ್ ಬದಲಾಯಿಸಿ ಹೋದ. ಸೋರೋದೇ ಇಲ್ಲ ಅಂತಾನೆ ಮೇಡಂ ಅವನು!"

ಅಳತೆಯಮ್ಮನಿಗೆ ತಲೆ ಜಜ್ಜಿಕೊಳ್ಳಬೇಕೆನಿಸಿತು. "ಅವರಿಗೆ ಬಾಯಾರಿಕೆ ಕಣಮ್ಮ! ನೀರು ಕೇಳ್ತಿದಾರೆ!"

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ದಿನವಿಡೀ ಊರಿನವರ ಮೂಗಿಗೆ ಕನ್ನಡಕ ಕೂರಿಸುವವಳಿಗೆ ತನ್ನ ಗಂಡನ ಸ್ಲೇಟಿನಲ್ಲಿದ್ದದ್ದು ಕಂಡಿರಲಿಲ್ಲ. ಮೇಷ್ಟ್ರು ಮಾತ್ರ, ಅಂತೂ ಒಬ್ಬಳಿಗಾದರೂ ಬುದ್ಧಿ ಇದೆಯಲ್ಲ ಎಂಬಂತೆ ನಿಟ್ಟುಸಿರು ಬಿಟ್ಟು ಮತ್ತೆ ಕಣ್ಣು ಮುಚ್ಚಿದರು.

ಆದರೆ ಚೀಟಿಯ ಪ್ರಕಾರ ನೀರು ಹೋಗುತ್ತಿತ್ತು. ಹೆಂಡತಿ ಪ್ರತಿ ಲೋಟವನ್ನೂ ಗುರುತು ಹಾಕಿಟ್ಟಿದ್ದಳು. ಹಾಗಾದರೆ ಈ ಬಾಯಾರಿಕೆ ಎಲ್ಲಿಂದ ಬಂತು? ಗಡ್ಡೆಯಿಂದಲೇ ಇರಬಹುದೇ? ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅವಳು ಅಡುಗೆಮನೆಗೆ ಹೋಗಿ ಬಾಗಿಲಿಗೊರಗಿ ನಿಂತಳು.

ಅಲ್ಲಿ ಮೇಷ್ಟ್ರ ತಾಯಿ. ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ಇನ್ನೂರು ಎಲೆಗೆ ಬೇಯಿಸಿ ಹಾಕಿದ ಕೈ. ಎಪ್ಪತ್ತು ದಾಟಿದರೂ ನಡುಗದ ಕೈ. ಚೀಟಿಯನ್ನು ಗೋಡೆಗೆ ಅಂಟಿಸಿದ್ದರು. ಅನ್ನ ತೂಗಿದರು, ಬೇಳೆ ತೂಗಿದರು, ಉಪ್ಪನ್ನೂ ಚೀಟಿಯಲ್ಲಿದ್ದಷ್ಟೇ ಸಣ್ಣ ಚಮಚದಲ್ಲಿ ಮಟ್ಟ ಮಾಡಿ ಹಾಕಿದರು. ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಒಂದು ಚೂರು ಗಸಿ ಉಳಿಯದಂತೆ ಸೋಸಿದರು. ಅಳತೆಯಮ್ಮನಿಗೆ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು, ಮರುಗಳಿಗೆಗೇ ದುಃಖ. ಇಲ್ಲಿ ತಪ್ಪೇ ಇಲ್ಲ.

ಆಮೇಲೆ ಮುದುಕಿ ಚಮಚದಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಲೊಚಗುಟ್ಟಿದರು. ಕಣ್ಣು ಒಲೆಯ ಮೇಲಿತ್ತು, ಬಾಯಿ ಸೊಸೆಯನ್ನು ಕರೆಯುತ್ತಿತ್ತು, ಕೈ ಮಾತ್ರ ತಾನಾಗಿ ಹಿಂದಕ್ಕೆ ಹೋಗಿ ಉಪ್ಪಿನ ಜಾಡಿಗಿಳಿದು, ಐದು ಬೆರಳಿಗೂ ಸಿಕ್ಕಷ್ಟು ಎತ್ತಿ ಲೋಟಕ್ಕೆ ಹಾಕಿತು. ಮತ್ತೆ ಎರಡು ಹನಿ, ಮತ್ತೆ ನೆಕ್ಕಿದರು. ಈಗ ತಲೆಯಾಡಿಸಿದರು.

"ಅಮ್ಮಾ," ಎಂದಳು ಅಳತೆಯಮ್ಮ, ದನಿ ಆದಷ್ಟು ಮೆಲ್ಲಗಿರಲಿ ಎಂದುಕೊಂಡು. "ಈಗ ಏನು ಹಾಕಿದ್ರಿ?"

"ಎಲ್ಲಿ? ಏನು ಹಾಕ್ದೆ?"

"ಉಪ್ಪು."

"ಓ, ಅದಾ! ಒಂದು ಚಿಟಿಕೆ. ನಿಮ್ಮ ಚೀಟಿ ಎಲ್ಲಾ ಸರಿ ಮೇಡಂ, ಉಪ್ಪು ಮಾತ್ರ ಸಾಲಲ್ಲ. ಸಪ್ಪೆ ಸಪ್ಪೆ. ಬೇಜಾರು ಮಾಡ್ಕೋಬೇಡಿ, ನಿಮಗೆ ಅಡುಗೆ ಅಷ್ಟಾಗಿ ಗೊತ್ತಿಲ್ಲ ಅನ್ಸುತ್ತೆ."

"ಪ್ರತಿ ಸಲಾನೂ ಹಾಕ್ತೀರಾ?"

"ದಿನದ ಆರು ಹೊತ್ತೂ. ಒಂದು ಹೊತ್ತಿಗೆ ರುಚಿ, ಇನ್ನೊಂದು ಹೊತ್ತಿಗೆ ಸಪ್ಪೆ ಮಾಡೋಕಾಗುತ್ತಾ?"

ಅಳತೆಯಮ್ಮ ಚೀಲದಿಂದ ತಕ್ಕಡಿ ತೆಗೆದು ಕಟ್ಟೆಯ ಮೇಲಿಟ್ಟಳು. "ಅದೇ ಚಿಟಿಕೆ ಇದರ ಮೇಲೆ ಒಂದ್ಸಲ ಹಾಕಿ ನೋಡೋಣ." ಹಾಕಿದರು. ಮೂರು ಗ್ರಾಂ! ಆರು ಹೊತ್ತಿಗೆ ಹದಿನೆಂಟು. ಚೀಟಿಯ ಉಪ್ಪು ಅದರ ಮೇಲೆ ಬೇರೆ. ಇನ್ನೂರು ಜನಕ್ಕೆ ಹದವಾದ ಕೈಗೆ ಅದು ಚಿಟಿಕೆಯೇ. ಒಬ್ಬ ಮೇಷ್ಟ್ರ ಹೊಟ್ಟೆಗೆ ಸಮುದ್ರ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಈ ಎರಡೂ ಒಂದೇ ಲೋಟದಲ್ಲಿ ಕೂಡಿದರೆ ಏನು ಗತಿ ಎಂದು ಯೋಚಿಸಿರಲಿಲ್ಲ.

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿ, ನಡುಮನೆಗೆ ಬಂದು ಡಾಕ್ಟರಿಗೆ ಫೋನು ಮಾಡಿದಳು. ಅವರು ಮೊದಲು ಜೋರಾಗಿ ನಕ್ಕು, ಆಮೇಲೆ ಗಂಭೀರವಾದರು. ಸಂಜೆ ಸೇರಿಸಲೇಬೇಕು, ನೀರನ್ನು ಒಮ್ಮೆಲೇ ಸುರಿಯುವಂತಿಲ್ಲ, ಉಪ್ಪನ್ನು ನಿಧಾನಕ್ಕೆ ಇಳಿಸಬೇಕು, ಸ್ಕ್ಯಾನೂ ಆಗಲಿ, ಅನುಮಾನ ಉಳಿಯುವುದು ಬೇಡ. ಆದರೆ ನೂರಕ್ಕೆ ತೊಂಬತ್ತು ಪಾಲು ಇದೇ ಇರಬೇಕು ಎಂದರು.

ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ನಗುತ್ತ ಅತ್ತಳು. "ಉಪ್ಪಾ? ಬರೀ ಉಪ್ಪಾ?" ಎಂದು ಐದಾರು ಸಲ ಕೇಳಿದಳು. ಮತ್ತೆ ಥಟ್ಟನೆ ದನಿ ತಗ್ಗಿಸಿ, "ಅತ್ತೆಗೆ ಹೇಳ್ಬೇಡಿ ಮೇಡಂ. ತನ್ನ ಕೈಯಾರೆ ಹೀಗಾಯ್ತು ಅಂದ್ರೆ ತಡ್ಕೊಳ್ಳಲ್ಲ," ಎಂದಳು.

"ನನಗೆ ಎಪ್ಪತ್ತಾಗಿದೆ ಕಣೇ, ಕಿವಿ ಹೋಗಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ.

ಮುದುಕಿ ಬಂದು ಮಗನ ಮಂಚದ ತುದಿಯಲ್ಲಿ ಕೂತರು. ಉಪ್ಪಿನ ಕೈಯನ್ನು ಸೆರಗಿಗೆ ಒರೆಸಿದರು, ಮತ್ತೆ ಒರೆಸಿದರು. ಅಳತೆಯಮ್ಮ ಎದುರಿನ ಸ್ಟೂಲಿನಲ್ಲಿ ಕೂತು ಆದಷ್ಟು ಹಗುರವಾಗಿ ಹೇಳಿದಳು.

"ನೀವೇನೂ ಬೇಕಂತ ಮಾಡಿಲ್ಲ ಅಮ್ಮ. ನಮಗೆ ಉಪ್ಪು ಜಾಸ್ತಿಯಾದ್ರೆ ಎದ್ದು ಹೋಗಿ ನೀರು ಕುಡೀತೀವಿ. ಇವರು ಎಲ್ಲಿ ಕುಡೀತಾರೆ? ಅದಕ್ಕೇ ಅಳತೆ. ಇನ್ನು ರುಚಿ ಅಂತೀರಾ, ಅದು ನಾಲಿಗೆ ಮುಟ್ಟೋದೇ ಇಲ್ವಲ್ಲ. ನೇರ ಹೊಟ್ಟೆಗೆ ಹೋಗುತ್ತೆ. ಉಪ್ಪಿದ್ರೂ ಒಂದೇ, ಇಲ್ದಿದ್ರೂ ಒಂದೇ."

ಮುದುಕಿ ತಲೆಯೆತ್ತಿದರು. "ಒಂದೇ ಅಂದ್ರೆ?"

"ಅಂದ್ರೆ... ಗೊತ್ತಾಗಲ್ಲ ಅವರಿಗೆ."

"ಏನೂ ಗೊತ್ತಾಗಲ್ವಾ? ಇಷ್ಟು ದಿನ ನಾನು ಮಾಡಿದ್ದು ಒಂದೂ? ಹೊಟ್ಟೆಗಿಳಿದ ಮೇಲೆ ಸ್ವಲ್ಪ ಮೇಲಕ್ಕೆ ಬರಲ್ವಾ ರುಚಿ?"

ಅಳತೆಯಮ್ಮ ಇಲ್ಲವೆಂದು ತಲೆಯಾಡಿಸಿದಳು. ಗ್ರಾಂ ಹೇಳಿದ್ದಳು, ಗಂಟೆ ಹೇಳಿದ್ದಳು, ಮಂಚ ಎಷ್ಟು ಎತ್ತರಿಸಬೇಕೆಂದು ಟೇಪು ಹಿಡಿದು ತೋರಿಸಿದ್ದಳು. ಇದೊಂದನ್ನು ಹೇಳಿರಲಿಲ್ಲ. ಇದನ್ನೂ ಹೇಳಬೇಕಾದೀತು ಎಂದು ಹೊಳೆದೇ ಇರಲಿಲ್ಲ. ತನ್ನ ಜಾಣತನದ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

"ಮತ್ತೆ," ಎಂದರು ಮುದುಕಿ, "ಪ್ರತಿ ಸಲ ಹಾಕಿ ಮುಗಿಸಿದ ಮೇಲೆ ಹೇಗಿದೆಯಪ್ಪಾ ಅಂತ ಕೇಳ್ತಿದ್ದೆ. ಇವನು ಪ್ರತಿ ಸಲ ಹೆಬ್ಬೆರಳೆತ್ತಿ ಬಹಳ ಚೆನ್ನಾಗಿದೆ ಅಂತಿದ್ನಲ್ಲ!"

ಮೂವರೂ ಮೇಷ್ಟ್ರ ಕಡೆ ತಿರುಗಿದರು. ಆ ಮಂಪರಿನಲ್ಲೂ ಮೇಷ್ಟ್ರ ಕಣ್ಣು ತೆರೆದಿತ್ತು. ಎಷ್ಟೋ ಮಕ್ಕಳನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ ಆ ಮನುಷ್ಯನ ಮುಖದಲ್ಲಿ ಕಾಪಿ ಹೊಡೆಯುತ್ತ ಸಿಕ್ಕಿಬಿದ್ದ ಹುಡುಗನ ಕಳೆ ಇತ್ತು. ಬಾಯಾರಿ ಸಾಯುತ್ತಿದ್ದರೂ ದಿನಕ್ಕೆ ಆರು ಸಲ ಮಗ ಅಮ್ಮನಿಗೆ ಸುಳ್ಳು ಹೇಳಿದ್ದ. ಮುದುಕಿ ಮಗನ ಹೆಬ್ಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು. ಸಂಜೆ ಆಂಬುಲೆನ್ಸ್ ಬಂದಾಗಲೂ ಬಿಟ್ಟಿರಲಿಲ್ಲ.

ಸ್ಕ್ಯಾನಿನಲ್ಲಿ ಗಡ್ಡೆಯ ಸುಳಿವೇ ಇರಲಿಲ್ಲ. ನಾಲ್ಕು ದಿನದಲ್ಲಿ ರಕ್ತದ ಉಪ್ಪು ಇಳಿಯಿತು, ಮೇಷ್ಟ್ರ ಕಣ್ಣು ಅರಳಿತು. ಐದನೆಯ ದಿನ ಮನೆಗೆ ಬಂದಾಗ ಹೊಸ ತಕರಾರು: ಮುದುಕಿ ಅಡುಗೆಮನೆಗೆ ಕಾಲಿಡಲು ಒಲ್ಲೆ ಎಂದರು.

"ಡಬ್ಬದ ಪುಡೀನೇ ಹಾಕಿ. ನನ್ನ ಕೈ ನಂಬೋ ಹಾಗಿಲ್ಲ."

"ನಿಮ್ಮ ಕೈಯಷ್ಟು ನುಣ್ಣಗೆ ಸೋಸೋರನ್ನ ನಾನೆಲ್ಲೂ ನೋಡಿಲ್ಲ," ಎಂದಳು ಅಳತೆಯಮ್ಮ. ಇದು ಸಮಾಧಾನದ ಮಾತಾಗಿರಲಿಲ್ಲ, ಸತ್ಯ. "ಉಪ್ಪಿನ ಜಾಡಿ ಮಾತ್ರ ನಿಮ್ಮ ಸೊಸೆ ಬೀರುವಿನಲ್ಲಿ ಬೀಗ ಹಾಕಿಡಲಿ. ನಿಮಗೇನು ಅವಮಾನ ಇಲ್ಲ, ಒಡವೆಗೂ ಹಾಗೇ ಮಾಡ್ತಾರೆ."

ಮುದುಕಿ ಗೊಣಗುತ್ತ ಎದ್ದರು. ತೂಗಿದರು, ಬೇಯಿಸಿದರು, ಸೋಸಿದರು. ಅಂಗೈ ನೆಕ್ಕಲಿಲ್ಲ. ಮಗನ ಪಕ್ಕ ನಿಂತು ನಳಿಕೆಗೆ ನಿಧಾನವಾಗಿ ಹುಯ್ದರು. ಆಮೇಲೆ ನೀರು, ಹೊಸ ಚೀಟಿಯ ಪ್ರಕಾರ. ಲೋಟ ಬರಿದಾಗುತ್ತಲೇ ಅಭ್ಯಾಸಬಲದಿಂದ "ಹೇಗಿದೆಯಪ್ಪಾ?" ಎಂದುಬಿಟ್ಟರು. ಎಂದವರೇ ನಾಲಿಗೆ ಕಚ್ಚಿಕೊಂಡು ನಿಂತರು. ಸೊಸೆ ಗೋಡೆ ನೋಡಿದಳು. ಅಳತೆಯಮ್ಮ ಸುಮ್ಮನೆ ಚೀಲದ ಜಿಪ್ ಎಳೆದಳು.

ಮೇಷ್ಟ್ರು ಆತುರಪಡಲಿಲ್ಲ. ಸೂರು ನೋಡಿದರು, ಹುಬ್ಬು ಗಂಟಿಕ್ಕಿದರು, ತುಟಿ ಚಪ್ಪರಿಸಿದರು. ಆಮೇಲೆ ಅಂಗೈ ಚಾಚಿ ಆ ಕಡೆ ಈ ಕಡೆ ಅಲ್ಲಾಡಿಸಿದರು. ಪರವಾಗಿಲ್ಲ, ಅಷ್ಟಕ್ಕಷ್ಟೆ.

ಮುದುಕಿ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟರು. ಮತ್ತೆ ಸೊಂಟದ ಮೇಲೆ ಕೈಯಿಟ್ಟು, "ಸಪ್ಪೆ ಅಂತ ನನಗೂ ಗೊತ್ತು ಕಣೋ! ಬೈಯೋದಿದ್ರೆ ಇವಳನ್ನ ಬೈಯಿ, ನನ್ನನ್ನಲ್ಲ!" ಎಂದು ಅಳತೆಯಮ್ಮನ ಕಡೆ ಬೆರಳು ತೋರಿಸಿ, ಕಣ್ಣು ಒರೆಸಿಕೊಳ್ಳುತ್ತ ಲೋಟ ತೊಳೆಯಲು ಒಳಗೆ ಹೋದರು.